ನಡುವಿನ ಕುರ್ಚಿ

ನಾನು ಬಟ್ಟೆ ಹೊಲಿಯುವಾಗ ಬಳಸುವ ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಮ್ಮ ಮೂಗಿನ ತುದಿಗೆ ಹಿಡಿದುಕೊಂಡು ನನ್ನ ಗಂಡ ಹಜಾರದ ನಡುವಿನ ಕುರ್ಚಿಯಲ್ಲಿ ಕೂತರು.

"ಹಿಂದಿನ ಗೋಡೆ ಸ್ಪೀಕರಿಗೆ ಎಷ್ಟು ಬಂತು ನೋಡು."

ಕೇಳುವವರಿಂದ ಪ್ರತಿಯೊಂದು ಸ್ಪೀಕರೂ ಎಷ್ಟು ದೂರ ಇದೆ ಎಂದು ಕಂಪ್ಯೂಟರಿಗೆ ತಿಳಿಸಬೇಕಂತೆ. ಆಗ ಅದು ಸದ್ದನ್ನು ಹದವಾಗಿ ಹಂಚುತ್ತದಂತೆ.

ಥಿಯೇಟರಿನ ಸದ್ದನ್ನು ಕಡಿಮೆ ಖರ್ಚಿನಲ್ಲಿ ಮನೆಗೆ ತರಬೇಕೆಂಬುದು ಅವರ ಬಹುದಿನಗಳ ಆಸೆ. ಹಳೆಯ ಕಂಪ್ಯೂಟರಿಗೆ ಒಂದು ಅಗ್ಗದ ಸೌಂಡ್ ಕಾರ್ಡ್ ತಂದು ಹಾಕಿದರು. ಮುಂದಿನ ಎರಡು ಸ್ಪೀಕರು ಮನೆಯಲ್ಲೇ ಇದ್ದವು. ಹಿಂದಿನ ಎರಡು, ಪಕ್ಕದ ಮನೆಯವರು ಗುಜರಿಗೆ ಹಾಕಲು ಎತ್ತಿಟ್ಟಿದ್ದ ಮ್ಯೂಸಿಕ್ ಸೆಟ್ಟಿನವು. ಅವರನ್ನು ಕಾಡಿ ಬೇಡಿ ಆಂಪ್ಲಿಫೈಯರ್ ಸಮೇತ ಹೊತ್ತು ತಂದರು. ಪಾತ್ರಗಳ ಮಾತಿಗೆಂದೇ ಇರುವ ಒಂಟಿ ಸ್ಪೀಕರನ್ನು ಪರದೆಯ ಕೆಳಗಿಟ್ಟರು. ಯಾರಾದರೂ ಎಡವಿ ಬಿದ್ದಾರೆಂಬ ಭಯಕ್ಕೆ ನಾನು ವೈರುಗಳನ್ನೆಲ್ಲ ಗೋಡೆಯ ಬುಡಕ್ಕೆ ಅಂಟಿಸುತ್ತ ಬಂದೆ.

ಹಿಂದಿನ ಸ್ಪೀಕರುಗಳಲ್ಲಿ ಒಂದು, ಬಾಗಿಲ ಪಕ್ಕದ ಕ್ಯಾಲೆಂಡರ್ ಮೊಳೆಗೆ ಬಂತು. ಅದರ ಕೆಳಗೇ ಮಾವನ ಕುರ್ಚಿ.

"ಮಾವ, ಕುರ್ಚಿ ಸ್ವಲ್ಪ ಮುಂದಕ್ಕೆ ಹಾಕ್ಲಾ?" ಎಂದೆ.

"ಬೇಡಮ್ಮ. ಜಾಗ ಬದಲಾದ್ರೆ ನನಗೆ ನಿದ್ದೆ ಬರಲ್ಲ."

"ನಿಮ್ಮ ನಿದ್ದೆಗೆ ಅಂತ ನಾನು ಇಷ್ಟೆಲ್ಲ ಒದ್ದಾಡ್ತಿದೀನಾ ಅಪ್ಪ?" ಎಂದು ಗಂಡ ನಕ್ಕರು. "ಇರ್ಲಿ ಬಿಡು, ತಲೆ ಮೇಲೇ ಸ್ಪೀಕರ್. ವಿಐಪಿ ಸೀಟು!"

ಮಾವ ಹೊಲಿಗೆ ಯಂತ್ರಗಳ ರಿಪೇರಿಯವರು. ಅಂಗಡಿಯ ಜೊತೆಗೆ, ಹೆಗಲಿಗೆ ಸಾಮಾನಿನ ಚೀಲ ಹಾಕಿಕೊಂಡು ಒಂದು ಗಾರ್ಮೆಂಟ್ ಫ್ಯಾಕ್ಟರಿಗೂ ಹೋಗಿ ಬರುತ್ತಿದ್ದರು. ಓಡುತ್ತಿರುವ ಯಂತ್ರಕ್ಕೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ತಾಗಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಎಲ್ಲಿ ಸಡಿಲ, ಎಲ್ಲಿ ಸವೆತ ಎಂದು ಬಿಚ್ಚದೆಯೇ ಹೇಳುತ್ತಿದ್ದರು. ಅವರ ಎದುರಂಗಡಿಯವನೂ ಇದೇ ಕೆಲಸದವನು. "ಅವನಿಗೆ ಒಂದು ತಿರುಪು ಹುಡುಕ್ಬೇಕಾದ್ರೆ ಇಡೀ ಮಿಷನ್ ಬಿಚ್ಚಿ ಸಂತೆ ಹರಡಬೇಕು" ಎಂದು ಮಾವ ಆಡಿಕೊಳ್ಳುತ್ತಿದ್ದರು.

ಮೊದಲ ಸಂಜೆ ಒಂದು ತಮಾಷೆಯ ಸಿನಿಮಾ ಹಾಕಿದೆವು. ಬಸ್ಸು ಬಲಗಡೆಯಿಂದ ಬಂದು ನಮ್ಮ ಬೆನ್ನ ಹಿಂದೆ ಹಾದುಹೋಯಿತು. ಮಗಳು ಚಪ್ಪಾಳೆ ತಟ್ಟಿದಳು. ಗಂಡ ಎದ್ದು ಹಿಂದಿನ ಸ್ಪೀಕರುಗಳ ಸದ್ದನ್ನು ಇನ್ನಷ್ಟು ಏರಿಸಿದರು. "ಹಿಂದಿಂದ ಬರೋದು ಗೊತ್ತಾಗ್ಲಿಲ್ಲ ಅಂದ್ರೆ ಇದೆಲ್ಲ ಯಾಕೆ ಮತ್ತೆ?"

ನಾವು ನಗುತ್ತಿದ್ದೆವು. ಮಾವ ನಗುತ್ತಿರಲಿಲ್ಲ. ಆಮೇಲೆ ನಗತೊಡಗಿದರು, ಆದರೆ ಪ್ರತಿ ಸಲವೂ ನಮ್ಮ ನಂತರ, ನಮ್ಮ ಮುಖ ನೋಡಿಕೊಂಡು. ಅದು ನನ್ನ ಕಣ್ಣಿಗೆ ಬಿತ್ತು.

"ಏನಂದ ಅವನು?" ಎಂದು ಒಮ್ಮೆ ಕೇಳಿದರು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು.

"ಅಜ್ಜಂಗೆ ಕಿವಿ ಕೇಳಲ್ಲ!" ಎಂದಳು ಮಗಳು.

"ಅಪ್ಪ, ಊರವರ ಮಿಷನ್ನಿಗೆಲ್ಲ ಎಣ್ಣೆ ಬಿಡ್ತೀರಲ್ಲ, ಸ್ವಲ್ಪ ಕಿವಿಗೂ ಬಿಟ್ಕೊಳ್ಳಿ" ಎಂದರು ಗಂಡ. ಎಲ್ಲರೂ ನಕ್ಕರು. ಈ ಸಲ ಮಾವನೂ ನಮ್ಮ ಜೊತೆಗೇ ನಕ್ಕರು.

ಮುಂದಿನ ಸಿನಿಮಾಗಳಲ್ಲೂ ಹೀಗೇ ಆಯಿತು. ಮಾವ "ಏನಂದ?" ಎಂದು ಕೇಳುವುದನ್ನೂ ನಿಲ್ಲಿಸಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಪರದೆ ನೋಡುತ್ತಿದ್ದರು. ನನಗೆ ಕಳವಳವಾಯಿತು. ಡಾಕ್ಟರಿಗೆ ತೋರಿಸೋಣ ಮಾವ ಎಂದೆ, ಆದಷ್ಟು ಮೆತ್ತಗೆ.

"ಡಾಕ್ಟರು ಬೇರೆ ಹೇಳ್ಬೇಕೇನಮ್ಮ? ಮನೆಮಂದಿಯೆಲ್ಲ ನಗುವಾಗ ನಾನೊಬ್ಬ ಪಿಳಿಪಿಳಿ ಕಣ್ಣು ಬಿಡ್ತಾ ಕೂತಿದ್ದೆ. ಗಾರ್ಮೆಂಟ್ ಫ್ಯಾಕ್ಟರೀಲಿ ಸಾಲಾಗಿ ಹೆಣ್ಣುಮಕ್ಕಳು ಕೂತಿರ್ತಾರೆ. ನಾನು ಸರಿ ಇದೆ ಅಂದ ಮೇಲೇ ಮಿಷನ್ ತುಳಿಯೋದು. ನನಗೆ ಕೇಳಿಸದೆ ಹೋಗಿ, ಸೂಜಿ ಮುರಿದು ಒಬ್ಬಳ ಕಣ್ಣಿಗೆ ಹಾರಿದ್ರೆ? ಈಗೀಗ ಒಂದೇ ಮಿಷನ್ನಿಗೆ ಮತ್ತೆ ಮತ್ತೆ ಕಿವಿ ಕೊಡ್ತೀನಿ. ಕೇಳಿಸಿದ್ದನ್ನೂ ನಂಬಕ್ಕಾಗ್ತಿಲ್ಲ."

ಅದಾದ ಕೆಲವೇ ದಿನಕ್ಕೆ ಅವರು ಬರಿಗೈಯಲ್ಲಿ ಮನೆಗೆ ಬಂದರು. ಸಾಮಾನಿನ ಚೀಲವನ್ನೂ ಫ್ಯಾಕ್ಟರಿಯ ಕೆಲಸವನ್ನೂ ಎದುರಂಗಡಿಯವನಿಗೆ ಒಪ್ಪಿಸಿಬಿಟ್ಟಿದ್ದರು. "ಅವನು ನಿಧಾನ. ಆದ್ರೆ ಕಣ್ಣಾರೆ ನೋಡಿ ಮಾಡ್ತಾನೆ" ಎಂದಷ್ಟೇ ಹೇಳಿ ಕೋಣೆಗೆ ಹೋದರು. ಸಿನಿಮಾಕ್ಕೆಂದು ಮತ್ತೆ ಹೊರಗೆ ಬರಲಿಲ್ಲ.

ಅವರ ಕುರ್ಚಿ ಖಾಲಿಯಾಯಿತು. ಬಾಗಿಲ ಪಕ್ಕ ಬೆಳಕು ಚೆನ್ನಾಗಿರುತ್ತದೆಂದು ಒಂದು ರಜಾದಿನ ಮಗಳ ಲಂಗದ ಅಂಚು ಮಡಿಚಿ ಹೊಲಿಯಲು ನಾನು ಅಲ್ಲಿ ಕೂತೆ. ಗಂಡ, ಮಗಳು ಅದೇ ತಮಾಷೆಯ ಸಿನಿಮಾವನ್ನು ಮತ್ತೆ ಹಾಕಿಕೊಂಡಿದ್ದರು. ನನ್ನ ತಲೆಯ ಮೇಲೆ ಮಳೆ ಸುರಿಯಿತು. ಬಸ್ಸು ಕಿವಿಯೊಳಗೇ ಗುಡುಗಿತು. ದೂರದ ಪರದೆಯಲ್ಲಿ ಇಬ್ಬರ ತುಟಿ ಅಲ್ಲಾಡಿದವು. ಗಂಡ, ಮಗಳು ನಕ್ಕರು. ಯಾಕೆಂದು ನನಗೆ ತಿಳಿಯಲಿಲ್ಲ.

ಸೂಜಿ ಹಾಗೇ ಕೈಯಲ್ಲಿ ಉಳಿಯಿತು.

"ರೀ, ಇಲ್ಲಿ ಬಂದು ಕೂತ್ಕೊಳ್ಳಿ."

"ಈಗಲಾ? ಒಳ್ಳೆ ಸೀನು ಕಣೇ."

"ಈಗಲೇ."

ಕೂತರು. ಅವರ ಮುಖದ ನಗು ಮೆಲ್ಲಗೆ ಇಳಿಯಿತು. ತಲೆಯೆತ್ತಿ ಸ್ಪೀಕರನ್ನು ನೋಡಿದರು. ಆಮೇಲೆ ನಡುವಿನ ಕುರ್ಚಿಯನ್ನು, ತಾವು ಟೇಪು ಹಿಡಿದು ಅಳೆಸಿದ್ದ ಆ ಒಂದು ಜಾಗವನ್ನು ನೋಡಿದರು. ಎದ್ದು ಕೋಣೆಗೆ ಹೋಗಿ ತಂದೆಯ ಕೈ ಹಿಡಿದು ಕರೆತಂದು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಸಿನಿಮಾವನ್ನು ಹಿಂದಕ್ಕೆ ತಳ್ಳಿ ಮತ್ತೆ ಓಡಿಸಿದರು.

ಮಾವ ಕೇಳಿದರು. ಕಣ್ಣು ಮುಚ್ಚಿ ಕೇಳಿದರು.

"ಓ. ಅವತ್ತು ನೀವು ನಕ್ಕಿದ್ದು ಈ ಮಾತಿಗಾ?"

"ಅಪ್ಪ, ನಿಮ್ಮ ಕಿವಿಗೆ ಏನೂ ಆಗಿಲ್ಲ. ನಾನು ನನ್ನ ಕುರ್ಚಿ ಒಂದಕ್ಕೇ ಹೊಂದಿಸ್ಕೊಂಡಿದ್ದೆ. ನಿಮ್ಮ ಜಾಗದಲ್ಲಿ ಯಾರು ಕೂತಿದ್ರೂ ಮಾತು ಕೇಳಿಸ್ತಿರಲಿಲ್ಲ. ನಡೀರಿ, ಚೀಲ ವಾಪಸ್ ತರೋಣ. ನಾನೇ ಎದುರಂಗಡಿಯವನ ಹತ್ರ ಮಾತಾಡ್ತೀನಿ."

ಮಾವ ತಲೆಯಾಡಿಸಿದರು. "ಬೇಡಪ್ಪ. ನನ್ನ ಕಿವಿ ಹೋಯ್ತು ಅಂತ ಫ್ಯಾಕ್ಟರಿಯವರಿಗೆ ನಾನೇ ಬಾಯಾರೆ ಹೇಳಿ ಬಂದಿದೀನಿ. ಈಗ ಬಂತು ಅಂದ್ರೆ ಯಾರು ನಂಬ್ತಾರೆ? ಅವನು ಪಾಪ, ಒಬ್ಬ ಕೆಲಸದವನನ್ನೂ ಇಟ್ಕೊಂಡಿದಾನೆ."

ಮಗಳು ಹೋಗಿ ಅಜ್ಜನ ಮೊಣಕಾಲಿಗೆ ಒರಗಿದಳು. ಅವಳ ಕಿವಿಯನ್ನು ಅವರು ಮೆಲ್ಲಗೆ ಹಿಂಡಿದರು.

ಹಿಂದಿನ ಸ್ಪೀಕರುಗಳನ್ನು ಗಂಡ ಅವತ್ತೇ ಇಳಿಸಿದರು. ಕ್ಯಾಲೆಂಡರ್ ಮತ್ತೆ ಮೊಳೆಗೆ ಬಂತು. ಈಗ ಮುಂದಿನಿಂದ ಮಾತ್ರ ಸದ್ದು ಬರುತ್ತದೆ. ಮಾವ ತಮ್ಮ ಕುರ್ಚಿಯಲ್ಲಿ ಕೂತು ನಮ್ಮ ಜೊತೆಗೇ, ಕೆಲವೊಮ್ಮೆ ನಮಗಿಂತ ಮೊದಲೇ ನಗುತ್ತಾರೆ. ಗಂಡ ಮಾತ್ರ ಪರದೆ ನೋಡುವುದಕ್ಕಿಂತ ಹೆಚ್ಚಾಗಿ ಆ ಕುರ್ಚಿಯ ಕಡೆ ತಿರುಗಿ ನೋಡುತ್ತಿರುತ್ತಾರೆ.

ನಿನ್ನೆ ನಾನು ದಿಂಬಿನ ಚೀಲ ಹೊಲಿಯುತ್ತಿದ್ದೆ. ನೀರು ಕುಡಿಯಲು ಹೋಗುತ್ತಿದ್ದ ಮಾವ ನನ್ನ ಯಂತ್ರದ ಬಳಿ ನಿಂತರು. ಕತ್ತು ಓರೆಯಾಯಿತು. ಬಲಗೈ ಹೆಗಲಿನ ಚೀಲದ ಕಡೆಗೆ ಹೋಯಿತು. ಹೆಗಲಲ್ಲಿ ಏನೂ ಇರಲಿಲ್ಲ. ಕೈ ಅಂಗಿಯ ಗುಂಡಿಯನ್ನು ಸರಿಮಾಡಿ ಕೆಳಗಿಳಿಯಿತು.

"ಒಳಗೆ ಬಾಬಿನ್ ಡಬ್ಬಿ ಸಡಿಲ ಆಗಿದೆಯಮ್ಮ" ಎಂದರು. "ಎದುರಂಗಡಿಯವನಿಗೆ ಹೇಳಿಕಳಿಸು. ಬಂದು ಬಿಚ್ಚಿ ನೋಡ್ತಾನೆ."