ಗೋದಲಿ ಹಾಡಿನ ಪೆಟ್ಟಿಗೆ

ನಾನು ಒಂದು ಹಾರ್ಮೋನಿಯಂ. ಬೆಟಗೇರಿಯ ಜನ ನನ್ನನ್ನು ಪೆಟ್ಟಿಗೆ ಎನ್ನುತ್ತಾರೆ.

ಹುಬ್ಬಳ್ಳಿಯ ಒಂದು ಓಣಿಯಲ್ಲಿ ಸಾಗವಾನಿ ಹಲಗೆಯಿಂದ ನನ್ನ ಮೈ ಆಯಿತು. ಒಬ್ಬ ಮುದುಕ ನನ್ನ ಹಿತ್ತಾಳೆ ನಾಲಗೆಗಳನ್ನು ಸಣ್ಣ ಅರದಿಂದ ಕೆರೆದು ಶ್ರುತಿಗೆ ತಂದ. ತುದಿಯಲ್ಲಿ ಕೆರೆದರೆ ಸ್ವರ ಏರುತ್ತಿತ್ತು, ಬುಡದಲ್ಲಿ ಕೆರೆದರೆ ಇಳಿಯುತ್ತಿತ್ತು. ಒಂದು ನಾಲಗೆಗೆ ಒಂದೇ ಸ್ವರ. ಅಲ್ಲಿಂದ ಅದು ಕದಲುವಂತಿಲ್ಲ.

ನನ್ನನ್ನು ಕೊಂಡವರು ಬೆಟಗೇರಿಯ ಕ್ರೈಸ್ತ ದೇವಾಲಯದಲ್ಲಿ ಹಾಡು ಕಲಿಸುವ ಎಲೀಯಪ್ಪ ಮಾಸ್ತರರು. ಅಲ್ಲಿ ಕಾಲಲ್ಲಿ ತುಳಿದು ನುಡಿಸುವ ದೊಡ್ಡ ಆರ್ಗನ್ ಇತ್ತು. ಅದು ಗೋಡೆ ಬಿಟ್ಟು ಅಲುಗದು. ಕ್ರಿಸ್‌ಮಸ್ಸಿಗೆ ಮೊದಲು ಕ್ಯಾರಲ್ ತಂಡ ಮನೆಮನೆಗೆ ಹೋಗಿ ಹಾಡಬೇಕಲ್ಲ, ಅದಕ್ಕೆ ನಾನು. ಮಾಸ್ತರರು ಪಟ್ಟಿ ಕಟ್ಟಿ ನನ್ನನ್ನು ಕೊರಳಿಗೆ ನೇತು ಹಾಕಿಕೊಳ್ಳುತ್ತಿದ್ದರು. ಅವರ ಹೊಟ್ಟೆಯ ಎತ್ತರದಲ್ಲಿ ತೂಗುತ್ತಿದ್ದ ನಾನು ಮನುಷ್ಯರನ್ನೆಲ್ಲ ಕಂಡದ್ದು ಗದ್ದದ ಕೆಳಗಿನಿಂದ.

ತಂಡ ಪ್ರತಿ ಮನೆಯ ಮುಂದೆ ತಪ್ಪದೆ ಹಾಡುತ್ತಿದ್ದುದು ಒಂದೇ ಹಾಡು. ಜರ್ಮನಿಯಿಂದ ಬಂದ ಪಾದ್ರಿಗಳ ಕಾಲದ್ದು. ಯಾರೋ ಕನ್ನಡಕ್ಕೆ ತಂದಿದ್ದರು.

ಹುಲ್ಲಿನ ಮೇಲೆ ಮಲಗಿದ ಕಂದ,
ಲೋಕ ಎದ್ದಿದೆ ನಿನಗಾಗಿ.

ಊರಲ್ಲಿ ಇದಕ್ಕೆ ಗೋದಲಿ ಹಾಡು ಎಂದೇ ಹೆಸರು; ಗೋದಲಿ ಎಂದರೆ ಆ ಕಂದನನ್ನು ಮಲಗಿಸಿದ ದನದ ಮೇವಿನ ತೊಟ್ಟಿ. ಮಾಸ್ತರರು ಅದನ್ನು ಮಿಷನ್ ಕಲಿಸಿದಂತೆಯೇ ನುಡಿಸುತ್ತಿದ್ದರು. ಒಮ್ಮೆಗೆ ಮೂರು ನಾಲ್ಕು ಬೆರಳು ನನ್ನ ಮೇಲೆ ಬೀಳುತ್ತಿದ್ದವು. ಹೆಂಗಸರದೊಂದು ದನಿ, ಗಂಡಸರದೊಂದು, ನಡುವೆ ಇನ್ನೆರಡು. ಎಲ್ಲರೂ ಹೆಜ್ಜೆ ಹೊಂದಿಸಿಕೊಂಡು ನಡೆದ ಹಾಗೆ. ನನ್ನ ಉಸಿರು ಬೇಗ ಖಾಲಿಯಾಗುತ್ತಿತ್ತು. ಆದರೆ ಆ ರಾಗದಲ್ಲಿ ನನಗೆ ಸಂಕೋಚವಿರಲಿಲ್ಲ. ಅದಕ್ಕೆ ಬೇಕಾದದ್ದೆಲ್ಲ ನನ್ನಲ್ಲಿತ್ತು.

ಒಂದು ಕಟ್ಟಳೆ ಇತ್ತು. ಸಾವಾದ ಮನೆಯ ಮುಂದೆ ವರ್ಷ ತುಂಬುವವರೆಗೆ ಹಾಡುವುದಿಲ್ಲ. ಮಾಸ್ತರರು ನನ್ನ ಗಾಳಿ ತಿದಿಗೆ ಕೊಂಡಿ ಹಾಕುತ್ತಿದ್ದರು. ತಂಡ ಬಾಗಿಲೆದುರು ತಲೆ ಬಗ್ಗಿಸಿ ಮುಂದೆ ಹೋಗುತ್ತಿತ್ತು. ಅದು ಆ ಮನೆಗೆ ಕೊಡುವ ಮರ್ಯಾದೆ.

ಮಾಸ್ತರರಿಗೆ ವಯಸ್ಸಾಗಿ ನನ್ನ ಭಾರ ಹೆಚ್ಚಾಯಿತು. ಶಿಷ್ಯ ಶಾಂತಕುಮಾರನ ಮನೆಗೆ ನನ್ನನ್ನು ಕಳಿಸಿದರು. ಆ ಮನೆಯಲ್ಲಿ ಮೂವರು. ಶಾಂತಕುಮಾರ, ಅವನ ತಾಯಿ ರೂತವ್ವ, ಹೊಸ ಹೆಂಡತಿ ಕೆಜಿಯಾ.

ಗೋದಲಿ ಹಾಡಿಗೆ ಇನ್ನೊಂದು ರಾಗ ಇದೆಯೆಂದು ನನಗೆ ತಿಳಿದದ್ದು ಅಲ್ಲಿಯೇ. ರೂತವ್ವ ಕರ್ಚಿಕಾಯಿ ಮಾಡುತ್ತ ಅದನ್ನು ತೊಟ್ಟಿಲ ಪದದ ಹಾಗೆ ಎಳೆದು ಹಾಡುತ್ತಿದ್ದಳು. ಕರ್ಚಿಕಾಯಿಯ ಅಂಚು ಒತ್ತಿ ಮುಗಿಯುವವರೆಗೆ ಸಾಲು ಮುಗಿಯುತ್ತಿರಲಿಲ್ಲ. ಆ ಹಾಡಿಗೆ ನಾನು ಬೇಕಿರಲಿಲ್ಲ. ನನ್ನತ್ತ ಯಾರೂ ನೋಡಲೂ ಇಲ್ಲ.

ಶಾಂತಕುಮಾರ ತಾಯಿಯ ಎಳೆತವನ್ನು ಎತ್ತಿಕೊಂಡು ಭೀಮಪಲಾಸ ರಾಗದಲ್ಲಿ ಕೂರಿಸಿದ. ಒಂದೇ ಬೆರಳಿನಲ್ಲಿ ನುಡಿಸುತ್ತಿದ್ದ. ‘ಮಲಗಿದ’ ಎಂಬಲ್ಲಿಗೆ ಬಂದಾಗ ನನ್ನನ್ನು ಬಿಟ್ಟು ಅವನ ದನಿ ಮಾತ್ರ ಮುಂದೆ ಹೋಗುತ್ತಿತ್ತು. ನನ್ನ ಎರಡು ಸ್ವರಮನೆಗಳ ನಡುವೆ, ನಾನು ಕಾಣದ ಕಡೆ ಜಾರಿ, ತೂಗಿ, ಆಮೇಲೆ ‘ಕಂದ’ದ ಮೇಲೆ ಇಳಿಯುತ್ತಿತ್ತು. ಒಂದು ದಿನ ಹೋದ ದಾರಿಯಲ್ಲಿ ಮರುದಿನ ಹೋಗುತ್ತಿರಲಿಲ್ಲ.

ಮಾಸ್ತರರಿಗೆ ಸಿಟ್ಟು. “ಒಂದೊಂದ ಸಲ ಒಂದೊಂದ ಥರಾ ಹಾಡ್ತಿ. ತಂಡ ನಿನ್ನ ಹಿಂದ ಬರೂದು ಹ್ಯಾಂಗಪಾ?”

“ಅಲ್ಲಿ ಬರಬ್ಯಾಡ್ರಿ ಮಾಸ್ತರ. ಈ ಕಡೆ ನಿಂದರ್ರಿ, ನಾ ಹೋಗಿ ಬರ್ತೀನಿ.”

ತಂಡದ ಹೆಂಗಸರು ನಕ್ಕರು. ಎರಡು ವರ್ಷ ಅವನ ರಾಗದಲ್ಲೇ ಹಾಡಿದರು. ಮಾಸ್ತರರು ಹಾಡಲಿಲ್ಲ, ಕಲಿಯಲೂ ಇಲ್ಲ.

ಮಳೆಗಾಲದ ಶುರುವಿನಲ್ಲಿ ಶಾಂತಕುಮಾರ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದ. ತಿರುಗಿ ಬಂದದ್ದು ಅವನ ಹೆಣ.

ಕೆಜಿಯಾ ನನ್ನ ಮೇಲೆ ಒಂದು ಬಟ್ಟೆ ಹೊದಿಸಿದಳು. ಆಗಾಗ ಬಟ್ಟೆ ಕೊಡವಿ ಮತ್ತೆ ಹೊದಿಸುತ್ತಿದ್ದಳು. ಮುಚ್ಚಳ ತೆಗೆಯಲಿಲ್ಲ. ಅವಳು ಅತ್ತದ್ದನ್ನು ನಾನು ಕೇಳಲಿಲ್ಲ. ಅನ್ನ ಬಡಿಸುವಾಗ, ನೀರು ಕೊಡುವಾಗ ಬೇಕಾದಷ್ಟೇ ಮಾತಾಡುತ್ತಿದ್ದಳು.

ಡಿಸೆಂಬರಿನಲ್ಲಿ ಎಲೀಯಪ್ಪ ಮಾಸ್ತರರು ಬಂದರು. ಜೊತೆಗೆ ತಂಡದ ದಪ್ಪ ದನಿಯ ದಾನಿಯೇಲಪ್ಪ.

“ಪೆಟ್ಟಿಗಿ ಬೇಕಾಗಿತ್ತವಾ ತಂಗಿ.”

“ಒಯ್ರಿ. ಆದ್ರ ನಮ್ಮನಿ ಮುಂದೂ ನಿಂತು ಹಾಡಬೇಕು.”

ಮಾಸ್ತರರು ಚಾದ ಲೋಟ ಕೆಳಗಿಟ್ಟರು. “ವರ್ಷ ಆಗಿಲ್ಲಲ್ಲ.”

“ಗೊತ್ತದ. ಅವರ ರಾಗದಾಗ ಹಾಡ್ರಿ.”

“ಕೆಜಿಯಾ, ಮಂದಿ ಏನಂದಾರು? ಗಂಡ ಸತ್ತು ಆರು ತಿಂಗಳಾಗಿಲ್ಲ, ಮನಿ ಮುಂದ ಬಾಜಾ ಅಂದಾರು.”

“ಅನ್ಲಿ. ಈ ವರ್ಷ ಹಾಡಲಿಲ್ಲಂದ್ರ ಮುಂದಿನ ವರ್ಷ ಯಾರಿಗೂ ನೆನಪಿರೂದಿಲ್ಲ. ನನಗೂ ಈಗ ಅಲ್ಲಲ್ಲಿ ಮರತು ಹೋಗೇದ.”

ಅವಳು ಅಷ್ಟು ಮಾತಾಡಿದ್ದು ಆ ಆರು ತಿಂಗಳಲ್ಲಿ ಅದೇ ಮೊದಲು.

“ನನಗ ಅದು ಬರೂದಿಲ್ಲ” ಎಂದರು ಮಾಸ್ತರರು.

ರೂತವ್ವ ಅಡುಗೆಮನೆಯಿಂದಲೇ ಹೇಳಿದಳು: “ಬರೂದಿಲ್ಲಂದ್ರ ಕಲೀರಿ. ಚಾ ಕುಡಿಯಾಕ ಬರ್ತದಲ್ಲ.”

ದಾನಿಯೇಲಪ್ಪ ಕೆಮ್ಮಿನಲ್ಲಿ ನಗು ಮುಚ್ಚಿದ. ಮಾಸ್ತರರು ಲೋಟ ಬದಿಗೆ ಸರಿಸಿ ಎದ್ದರು. ನನ್ನನ್ನು ಎತ್ತಿಸಿಕೊಂಡು ಹೋದರು.

ಅವರ ಮನೆಯಲ್ಲಿ ಬಾಗಿಲು ಹಾಕಿಕೊಂಡು ನನ್ನ ಮುಚ್ಚಳ ತೆರೆದರು. ಒಂದು ಬೆರಳಿಟ್ಟರು. ಉಳಿದ ಬೆರಳುಗಳು ರೂಢಿಯಿಂದ ತಾವೇ ಬಿದ್ದವು. ಸಾಲು ಮಿಷನ್ ರಾಗಕ್ಕೆ ಹೊರಳಿತು. ಮತ್ತೆ ಇಟ್ಟರು, ಮತ್ತೆ ಹೊರಳಿತು. ಸಿಟ್ಟಿನಿಂದ ಮುಚ್ಚಳ ಹಾಕಿದರು. ಅವರ ಮನಸ್ಸಿನಲ್ಲಿ ಏನಿದೆಯೆಂದು ನನಗೆ ತಿಳಿಯಲಿಲ್ಲ.

ಕ್ಯಾರಲ್ ದಿನ ಸಂಜೆ, ಭಾರವಾದರೂ ಮಾಸ್ತರರೇ ನನ್ನನ್ನು ಕೊರಳಿಗೆ ಹಾಕಿಕೊಂಡರು; ತಂಡ ಹೊರಟಿತು. ಎಲ್ಲ ಮನೆಗಳ ಮುಂದೂ ಹಳೆಯ ರಾಗ. ಜನ ಬಾಳೆಹಣ್ಣು, ಕರ್ಚಿಕಾಯಿ ಕೊಟ್ಟರು. ದಾನಿಯೇಲಪ್ಪನ ಬಾಯಿ ತುಂಬಿ ಅವನ ದನಿ ಅರ್ಧ ಸಾಲು ತಡವಾಗಿ ಬಂತು. ಎಲ್ಲರೂ ನಕ್ಕರು. ಕೆಜಿಯಾಳ ಓಣಿ ಹತ್ತಿರವಾದಂತೆ ನಗು ನಿಂತಿತು.

ಅವಳು ಗೇಟಿನ ಬಳಿ ನಿಂತಿದ್ದಳು. ಬಿಳಿ ಸೀರೆ. ಎದುರು ಮನೆಯ ಕಟ್ಟೆಯ ಮೇಲೆ ಜನ ಕೂತು ನೋಡುತ್ತಿದ್ದರು.

ಮಾಸ್ತರರ ಕೈ ನನ್ನ ಹಿಂದಕ್ಕೆ ಬಂತು. ಕೊಂಡಿ ಬಿತ್ತು.

ತಂಡ ತಲೆ ಬಗ್ಗಿಸಿತು. ಕೆಜಿಯಾ ಒಳಗೆ ಹೋಗಲಿಲ್ಲ. ತಲೆ ಎತ್ತಿದಾಗಲೂ ಅವಳು ಅಲ್ಲೇ ಇದ್ದಳು.

“ಮಾಸ್ತರ, ಮುಂದ ನಡೀಯೂಣೇನ್ರಿ?” ದಾನಿಯೇಲಪ್ಪ ಮೆಲ್ಲಗೆ ಕೇಳಿದ.

ಎದುರು ಕಟ್ಟೆಯಿಂದ ಯಾರೋ “ನಡೀರಿ, ನಡೀರಿ” ಎಂದರು. ಆಗ ಕೊಂಡಿ ತೆಗೆದ ಸದ್ದು ನನಗೇ ಮೊದಲು ಕೇಳಿತು.

ಒಂದು ಬೆರಳು. ಒಂದೇ. ಉಳಿದ ಬೆರಳುಗಳನ್ನು ಅವರು ಅಂಗೈಗೆ ಮಡಚಿ ಹಿಡಿದಿದ್ದರು. ಹೆಂಗಸರು ಗುರುತು ಹಿಡಿದು ದನಿಗೂಡಿಸಿದರು.

ಹುಲ್ಲಿನ ಮೇಲೆ ಮಲಗಿದ...

ಅಲ್ಲಿ ಎಲ್ಲರೂ ನಿಂತರು. ಅಲ್ಲಿಂದ ಮುಂದೆ ಅವನೇ ಹಾಡುತ್ತಿದ್ದದ್ದು, ಯಾರಿಗೂ ಬಾರದು. ಎಲ್ಲರ ಕಣ್ಣು ಕೆಜಿಯಾಳ ಮೇಲೆ. ಅವಳು ಬಾಯಿ ತೆರೆದಳು. ದನಿ ಬರಲಿಲ್ಲ.

ಮಾಸ್ತರರ ಮಡಚಿದ ಬೆರಳೊಂದು ಬಿಚ್ಚಿ, ಹಳೆಯ ರಾಗದ ಸ್ವರಮನೆಯ ಮೇಲೆ ಬಂದು ನಿಂತಿತು. ಒತ್ತಿದರೆ ಹಾಡು ಸಾಗುತ್ತಿತ್ತು. ಯಾರಿಗೂ ತೊಂದರೆ ಇರಲಿಲ್ಲ. ಶಾಂತಕುಮಾರನ ರಾಗ ಅಲ್ಲಿಗೆ ಮುಗಿಯುತ್ತಿತ್ತು, ಅಷ್ಟೇ.

ಅವರು ಒತ್ತಲಿಲ್ಲ. ತಿದಿಯಲ್ಲಿದ್ದ ಗಾಳಿ ಸುಮ್ಮನೆ ಸೋರಿತು.

“ಕಂದ” ಎಂದಳು ಕೆಜಿಯಾ.

ಅದು ಹಾಡಿದ್ದೋ ಹೇಳಿದ್ದೋ ತಿಳಿಯಲಿಲ್ಲ. ಆದರೆ ಸ್ವರ ಸರಿಯಾದ ಕಡೆಗೇ ಬಿದ್ದಿತ್ತು. ನನ್ನ ನಾಲಗೆ ಅದನ್ನು ಹಿಡಿಯಿತು. ತಂಡ ಹಿಡಿಯಿತು. ಹಾಡು ಮುಗಿಯಿತು.

ಆ ವರ್ಷ ದೇವಾಲಯದ ಸಭೆಯ ಹಿರಿಯರು ಮಾಸ್ತರರನ್ನು ಕರೆಸಿ ಬೈದರು. ಮರುವರ್ಷ ಕ್ಯಾರಲ್‌ಗೆ ಹೊರಟಾಗ ಮಾಸ್ತರರು ಮೊದಲ ಮನೆಯಿಂದಲೇ ಆ ರಾಗ ಹಿಡಿದರು. ‘ಮಲಗಿದ’ದ ಬಳಿ ತಂಡ ನಿಂತಿತು, ಆಮೇಲೆ ‘ಕಂದ’ಕ್ಕೆ ಇಳಿಯಿತು. ಹೀಗೆ ಹಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಧಾರವಾಡದಿಂದ ಹೊಸದಾಗಿ ಬಂದ ಪಾದ್ರಿಗಳು ಕೇಳಿ ಹುಬ್ಬೇರಿಸಿದರು. “ನಡುವ ಸಾಲು ಮರತ್ರೇನು?”

“ಮರತಿಲ್ರಿ ಅಯ್ಯನವರ” ಎಂದ ದಾನಿಯೇಲಪ್ಪ. “ಅದು ಅವನ ಪಾಳಿರಿ.”

ಈಗ ಮಾಸ್ತರರಿಲ್ಲ, ರೂತವ್ವ ಇಲ್ಲ. ತಂಡಕ್ಕೆ ಹೊಸ ಪೆಟ್ಟಿಗೆ ಬಂದಿದೆ. ಇಲಿ ಕಡಿದು ನನ್ನ ತಿದಿ ಹರಿದಿದೆ. ಕೆಜಿಯಾಳ ಮನೆಯ ಕಪಾಟಿನ ಮೇಲೆ ಕೂತಿದ್ದೇನೆ. ಮಿಷನ್ ರಾಗ ದೇವಾಲಯದೊಳಗೆ ಈಗಲೂ ಇದೆ, ಕೇಳಲು ಚೆನ್ನಾಗಿಯೇ ಇರುತ್ತದೆ. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ತೂಗುವುದನ್ನು ನಾನು ಬಿಟ್ಟಿದ್ದೇನೆ.

ಡಿಸೆಂಬರಿನ ಸಂಜೆ ಓಣಿಯಲ್ಲಿ ತಂಡ ಬಂದು ನಿಲ್ಲುತ್ತದೆ. ಹಾಡುವವರು ಹೊಸಬರು, ಶಾಂತಕುಮಾರನನ್ನು ನೋಡಿದವರಲ್ಲ. ‘ಮಲಗಿದ’ ಎಂದು ಅವರು ನಿಂತಾಗ ಕೆಜಿಯಾ ಅಡುಗೆಮನೆಯಲ್ಲಿ ಕೈಯಲ್ಲಿದ್ದ ಪಾತ್ರೆಯನ್ನು ಅಲುಗಿಸುವುದಿಲ್ಲ. ನಾನೂ ಕಾಯುತ್ತೇನೆ. ಈ ಸಲ ಯಾರಾದರೂ ಅವಸರಪಟ್ಟು ಆ ಬಿಡುವನ್ನು ತುಂಬಿಬಿಟ್ಟರೆ ಎಂಬ ಹೆದರಿಕೆ, ‘ಕಂದ’ ಬರುವವರೆಗೆ.