ವ್ಯಾನಿನೊಳಗಿನ ಮಿಕ್ಸಿ ಸ್ವಿಚ್ಚು

ಕಾಶಿನಾಥ ಸ್ಟೀರಿಂಗ್ ಕೆಳಗಿನ ಲಿವರನ್ನು ಮೂರನೇ ಸಲ ಎಳೆದ. ವೈಪರ್ ಅಲುಗಾಡಲಿಲ್ಲ. ವ್ಯಾನಿನ ಗಾಜಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ಹಿಂದೆ, ಸೀಟು ಕಿತ್ತ ಜಾಗದಲ್ಲಿ, ಅವನ ಮಾವ ಸೂಗಪ್ಪನನ್ನು ಹಲಗೆಗೆ ಒರಗಿಸಿ, ಹಣೆ ತುಂಬ ವಿಭೂತಿ ಹಚ್ಚಿ ಕೂರಿಸಿದ್ದರು. ನಾಂಪಲ್ಲಿಯಲ್ಲಿ ಮೂವತ್ತು ವರ್ಷ ಊರವರ ಗಾಡಿಗಳಿಗೆ ವೈರಿಂಗ್ ಮಾಡಿದವನು ಇವತ್ತು ಬೆಳಿಗ್ಗೆ ಚಹಾಕ್ಕೆ ಎಬ್ಬಿಸಿದರೆ ಏಳಲಿಲ್ಲ.

"ಹೊತ್ತು ಮುಳುಗೂದರಾಗ ಮಣ್ಣು ಆಗಬೇಕು. ಕುಣಿಯಾಗ ನೀರು ತುಂಬಾಕತ್ತೈತಂತ," ಎಂದು ಸೂಗಪ್ಪನ ಅಣ್ಣ ಸಂಗಣ್ಣ ಕೊಡೆಯ ಕೆಳಗಿಂದ ಗದರಿದ. "ಬಾಡಿಗಿ ಗಾಡಿ ತರಸೋಣಂದ್ರ ಗದಿಗೆಮ್ಮ ಕೇಳಲಿಲ್ಲ."

ಸೂಗಪ್ಪನ ಹೆಂಡತಿ ಗದಿಗೆಮ್ಮ ಕೇಳಿರಲಿಲ್ಲ, ನಿಜ. ಗಂಡ ತನ್ನ ಗಾಡಿಯಲ್ಲೇ ಹೋಗಬೇಕು, ತಾನು ಎಂದಿನಂತೆ ಮುಂದೆ, ಎಡ ಸೀಟಿನಲ್ಲಿ ಕೂರಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ. ಆದರೆ ಆ ಸೀಟು ತನ್ನದೆಂದೂ ಹೆಂಗಸರೆಲ್ಲ ಆಟೋದಲ್ಲಿ ಬರಬೇಕೆಂದೂ ಸಂಗಣ್ಣ ಆಗಲೇ ತೀರ್ಮಾನಿಸಿಬಿಟ್ಟಿದ್ದ.

ಸಾವಿನ ಮನೆಯೇ ಆಗಲಿ, ಕೆಟ್ಟು ನಿಂತ ಗಾಡಿ ಕಂಡರೆ ನಾಲ್ಕು ತಲೆ ಬಗ್ಗದೆ ಇರುವುದಿಲ್ಲ. ಕಾಶಿನಾಥ ಒಂದು ನೀಲಿ ವೈರನ್ನು ಬೆರಳಿನಿಂದ ಸವರುತ್ತ ಹೋದ. ಅದು ಎಡಕ್ಕೆ ಹೊರಳಿ, ಎಡ ಸೀಟಿನ ಮುಂದಿನ ಸಣ್ಣ ಡಬ್ಬಿಯ ಕೆಳಗೆ ಒಂದು ಬಿಳಿ ಗುಂಡಿಗೆ ಸೇರಿತ್ತು. ಗುಂಡಿಯ ಸುತ್ತ ಸೊನ್ನೆ, ಒಂದು, ಎರಡು, ಮೂರು.

"ಇದು ಮಿಕ್ಸೀದಲ್ಲೇನ್ರಿ?" ಎಂದ.

ತಿರುವಿದ. ಎರಡಕ್ಕೆ ವೈಪರ್ ಹುಚ್ಚೆದ್ದು ಬಡಿಯಿತು, ಮೂರಕ್ಕೆ ಏನೂ ಇಲ್ಲ. ಸೊನ್ನೆಗೆ ತಂದ. ವೈಪರಿನ ಕಡ್ಡಿ ಗಾಜಿನ ನಟ್ಟನಡುವೆ, ಅವನ ಮೂಗಿನ ನೇರಕ್ಕೆ ನಿಂತುಬಿಟ್ಟಿತು.

"ವೈಪರಿಗೆ ತಾನಾಗೇ ಕೆಳಗ ಹೋಗಿ ಮಲಗಾಕ ಬ್ಯಾರೆ ಒಂದು ವೈರ್ ಇರತೈತಿ," ಎಂದ ಸೂಗಪ್ಪನ ಜೊತೆ ಕೆಲಸ ಮಾಡುತ್ತಿದ್ದ ಮಿಲಿಂದ. "ಮಿಕ್ಸಿ ಸ್ವಿಚ್ಚಿನಾಗ ಅದಕ್ಕ ಜಾಗಾನೇ ಇಲ್ಲ. ಇಂಥಾ ಉಸ್ತಾದ್ ಹಿಂಗ ಯಾಕ ಮಾಡಿದ? ತಡೀರಿ, ಅಂಗಡ್ಯಾಗ ನೋಡತೀನಿ."

*

ಹದಿನೈದು ಮಳೆಗಾಲದ ಹಿಂದೆ, ಸೇಡಂ ದಾರಿಯಲ್ಲಿ, ಮಳೆಯೊಳಗೆ ಒಂದು ಲಾರಿ ಈ ವ್ಯಾನಿಗೆ ಉಜ್ಜಿಕೊಂಡು ಹೋಗಿತ್ತು. ಯಾರಿಗೂ ಗಾಯವಾಗಲಿಲ್ಲ. ಆದರೆ ಅಂದಿನಿಂದ ಗದಿಗೆಮ್ಮ ಹನಿ ಬಿದ್ದರೆ ಸಾಕು, ಕಣ್ಣು ಗಟ್ಟಿಯಾಗಿ ಮುಚ್ಚಿ ಬಾಗಿಲ ಹಿಡಿಗೆ ಜೋತುಬೀಳುತ್ತಿದ್ದಳು. ಆಮೇಲೆ ವ್ಯಾನು ಹತ್ತುವುದನ್ನೇ ಬಿಟ್ಟಳು. ಪಂಚಮಿಗೆ ತವರಿಗೂ ಹೋಗಲಿಲ್ಲ.

ಅದೇ ಮಳೆಗಾಲದಲ್ಲಿ ವೈಪರಿನ ಸ್ವಿಚ್ಚು ಸುಟ್ಟಿತು. ಶೇಂಗಾ ಚಟ್ನಿ ಅರೆಯುವಾಗ ಮಿಕ್ಸಿಯೂ ಸುಟ್ಟಿತು. ಸೂಗಪ್ಪ ಮಿಕ್ಸಿಯ ಗುಂಡಿ ಬಿಚ್ಚಿ ವ್ಯಾನಿನ ಎಡಕ್ಕೆ ಕೂರಿಸಿದ.

"ಸರಿಯಾದ್ದು ಕೋಠಿ ಬಜಾರದಾಗ ಸಿಗವಲ್ದು. ಅಲ್ಲೀತನಕ ನೀ ಬಂದು ತಿರುವಬೇಕು. ನಾ ರಸ್ತಾ ನೋಡತೀನಿ, ನೀ ಕಡ್ಡಿ ನೋಡು. ಪೂರಾ ಕೆಳಗ ಬಂದಾಗ ಬಂದ್ ಮಾಡು. ನಡುವ ನಿಂತ್ರ ನನಗ ದಾರಿ ಕಾಣಂಗಿಲ್ಲ."

ಮೊದಮೊದಲು ಕಡ್ಡಿ ಎಲ್ಲೆಲ್ಲೋ ನಿಲ್ಲುತ್ತಿತ್ತು. ಅವನು ನಗುತ್ತಿದ್ದ, ಅವಳು ಬೈಯುತ್ತಿದ್ದಳು. "ಸರಿಯಾದ್ದು ಎಂದ ತರತೀರಿ?" ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: "ಹುಡುಕಾಕತ್ತೀನಿ."

*

ಮಿಲಿಂದ ನೆನೆದುಕೊಂಡು ಗದಿಗೆಮ್ಮನ ಬಳಿ ಓಡಿ ಬಂದ. ಕೈಯಲ್ಲಿ ಧೂಳು ಹಿಡಿದ ಪೊಟ್ಟಣ, ಒಳಗೆ ಹೊಚ್ಚಹೊಸ ಸ್ವಿಚ್ಚು. ಮೇಲೆ ಸೂಗಪ್ಪನ ಸೊಟ್ಟ ಅಕ್ಷರದಲ್ಲಿ ಈ ವ್ಯಾನಿನ ನಂಬರು, ಕೆಳಗೆ ತಾರೀಕು.

"ವೈನಿ, ಇದು ಆ ವರ್ಷದ್ದೇ ಐತ್ರಿ! ತಂದು ಅಟ್ಟದ ಮ್ಯಾಲೆ ಇಟ್ಟಾನ. ಪೊಟ್ಟಣಾನೂ ಒಡದಿಲ್ಲ."

ಗದಿಗೆಮ್ಮ ಪೊಟ್ಟಣ ತಿರುಗಿಸಿ ನೋಡಿದಳು. ತಾರೀಕನ್ನು ಎರಡು ಸಲ ಓದಿದಳು. ಹದಿನೈದು ವರ್ಷ ತಾನು ಮಳೆಯಲ್ಲಿ ಕಣ್ಣು ತೆರೆದುಕೊಂಡೇ ಕೂತಿದ್ದು ಏಕೆಂದು ಅವಳಿಗೆ ಆಗ ಗೊತ್ತಾಯಿತು. ಬೆಳಗಿನಿಂದ ಬಾರದಿದ್ದ ಅಳು ಒಮ್ಮೆಲೇ ಬಂತು.

"ಹತ್ತು ನಿಮಿಷ, ಬದಲಿ ಮಾಡತೀನ್ರಿ," ಎಂದ ಮಿಲಿಂದ.

"ಲಗೂ ಮಾಡು," ಎಂದ ಸಂಗಣ್ಣ.

"ಬ್ಯಾಡ," ಎಂದಳು ಗದಿಗೆಮ್ಮ. ಪೊಟ್ಟಣವನ್ನು ಸೂಗಪ್ಪನ ಮಡಿಲಲ್ಲಿ, ಹೂವಿನ ಕೆಳಗೆ ಸೇರಿಸಿದಳು. "ಇಷ್ಟು ದಿನಾ ಮುಚ್ಚಿಟ್ಟಾರ, ಅವರ ಹಂತ್ಯಾಕೇ ಇರಲಿ. ಭಾವಾರ, ನೀವು ಆಟೋದಾಗ ಬರ್ರಿ. ಈ ಕಡ್ಡಿ ನನಗ ಬಿಟ್ಟು ಯಾರ ಮಾತೂ ಕೇಳಂಗಿಲ್ಲ."

ಸಂಗಣ್ಣ ಗಾಜಿನ ನಡುವೆ ನಿಂತ ಕಡ್ಡಿಯನ್ನು ನೋಡಿ, ಕೊಡೆ ಹಿಡಿದು ಆಟೋದ ಕಡೆ ನಡೆದ.

ದಾರಿಯುದ್ದಕ್ಕೂ ಅವಳು ಗುಂಡಿ ಬಿಡಲಿಲ್ಲ. ಮಳೆ ಜೋರಾದರೆ ಎರಡು, ಇಳಿದರೆ ಒಂದು. ರುದ್ರಭೂಮಿ ಮುಟ್ಟಿದಾಗ ಇನ್ನೂ ಬೆಳಕಿತ್ತು. ಕುಣಿಯ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಚೆಲ್ಲಿದ್ದರು. ಕಾಶಿನಾಥ ಗಾಡಿ ಬಂದ್ ಮಾಡಲು ಕೀಲಿಗೆ ಕೈ ಹಾಕಿದ.

"ತಡೀರಿ ಅಳಿಯಾರ."

ಹಿಂದಿನ ಬಾಗಿಲು ತೆರೆದು ಜನ ಸೂಗಪ್ಪನನ್ನು ಇಳಿಸತೊಡಗಿದರು. ಗದಿಗೆಮ್ಮ ತಿರುಗಿ ನೋಡಲಿಲ್ಲ. ಕಣ್ಣು ಒರೆಸಿಕೊಂಡು ಅಗಲವಾಗಿ ತೆರೆದು, ಕಡ್ಡಿಯನ್ನೇ ನೋಡಿದಳು. ಅದು ಮೇಲೆ ಹೋಯಿತು, ಬಂತು. ಮತ್ತೆ ಮೇಲೆ ಹೋಗಿ, ಇಳಿಯತೊಡಗಿತು.

ಗುಂಡಿ ಟಕ್ ಎಂದಿತು. ಕಡ್ಡಿ ಗಾಜಿನ ಬುಡದಲ್ಲಿ ನೆಟ್ಟಗೆ ಮಲಗಿತು.