ಎದುರು ನಿಂತವರ ಎಡಗಡೆ

ನಮ್ಮ ಮನೆಯಲ್ಲಿ ಮೊಬೈಲಿಗೆ ‘ಶನಿ’ ಎಂದು ಹೆಸರಿಟ್ಟವಳು ನಾನೇ. ಮಗಳು ಜೀವಶಾಸ್ತ್ರದಲ್ಲಿ ಫೇಲಾದ ದಿನ ಅದನ್ನು ಕಿತ್ತುಕೊಂಡು ಹೊಲಿಗೆ ಯಂತ್ರದ ಡ್ರಾಯರಿನೊಳಗೆ ಹಾಕಿ ಬೀಗ ಜಡಿದೆ. ಮರುಪರೀಕ್ಷೆಯೂ ಹೋದರೆ ನರ್ಸ್ ಆಗುವ ಅವಳ ಆಸೆಗೆ ಎಳ್ಳುನೀರು ಬಿಟ್ಟಂತೆಯೇ. ಟ್ಯೂಷನ್ನಿಗೆ ಕಳಿಸೋಣವೆಂದರೆ ನನ್ನಂಥ ಟೈಲರಮ್ಮನ ಸಂಪಾದನೆ ಹೊಟ್ಟೆಗಾದರೆ ಬಟ್ಟೆಗಿಲ್ಲ.

“ಪುಸ್ತಕ ಓದಿ ಪಾಸಾಗೇ. ನಾವೆಲ್ಲ ಓದ್ಲಿಲ್ವಾ?” ಎಂದು ರೇಗಿದೆ.

“ನೀನು ಪಾಸಾದ್ಯಾ ಅಮ್ಮಾ?”

ನಮ್ಮ ಕಾಲದಲ್ಲಿ ಬೀದಿಗೆಲ್ಲ ಒಂದೇ ಗೈಡು. ಅದು ಮನೆಮನೆ ಸುತ್ತಿ ಬಂದಾಗ ನಾನೂ ನನ್ನ ಗೆಳತಿಯೂ ಮೆಟ್ಟಿಲ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದೆವು. ಅವಳು ಓದಿ ಮುಗಿಸುವ ತನಕ ನಾನು ಪುಟ ತಿರುಗಿಸುವಂತಿಲ್ಲ. ಹೃದಯದ ಚಿತ್ರದ ಮೇಲೆ ಯಾರೋ ಚಹಾ ಚೆಲ್ಲಿದ್ದರು, ಅದನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ಆ ದಿನಗಳನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಎಷ್ಟು ಸುಖವಾಗಿದ್ದೆವು! ಆದರೆ ಇಬ್ಬರೂ ಪಾಸಾಗಲಿಲ್ಲ.

ಅಷ್ಟರಲ್ಲಿ ಆಸ್ಪತ್ರೆಯ ನರ್ಸಮ್ಮ ಸಮವಸ್ತ್ರದ ಅಳತೆ ಕೊಡಲು ಬಂದರು. ಮಗಳ ಸಪ್ಪೆ ಮುಖ ನೋಡಿ ವಿಚಾರಿಸಿದರು.

“ಫೋನ್ ಎಲ್ಲಿ?”

“ಜೈಲಲ್ಲಿದೆ,” ಎಂದು ಡ್ರಾಯರು ತೋರಿಸಿದೆ.

“ಅಯ್ಯೋ ಅಕ್ಕಾ, ಕತ್ತರಿ ಬೆರಳಿಗೆ ತಾಗಿತು ಅಂತ ಕತ್ತರೀನೇ ಬಿಸಾಡ್ತೀರಾ? ಪಠ್ಯಪುಸ್ತಕ, ಹಳೇ ಪ್ರಶ್ನೆಪತ್ರಿಕೆ, ಮೇಷ್ಟ್ರ ಪಾಠ ಎಲ್ಲಾ ಅದ್ರಲ್ಲಿ ಪುಕ್ಕಟೆ ಸಿಗುತ್ತೆ.”

“ಪುಕ್ಕಟೆ ಸಿಗೋದು ಬರೀ ಕುಣಿತ!”

“ಕುಣಿತ ಹುಡುಕಿದ್ರೆ ಕುಣಿತ, ಪಾಠ ಹುಡುಕಿದ್ರೆ ಪಾಠ. ತೆಗೀರಿ ಬೀಗ.”

ಗೊಣಗುತ್ತಲೇ ತೆಗೆದೆ. ಮಗಳು ಹೃದಯದ ಪಾಠ ಹಾಕಿದಳು. ನಾನು ನರ್ಸಮ್ಮನ ಎದುರು ನಿಂತು ಎಡತೋಳು ಅಳೆಯುತ್ತಿದ್ದೆ. ಫೋನಿನೊಳಗಿಂದ ಮೇಷ್ಟ್ರು ಹೇಳಿದರು: “ಈ ಹೃದಯ ನಿಮ್ಮ ಎದುರು ನಿಂತವರದ್ದು. ಅವರ ಎಡಭಾಗ ನಿಮ್ಮ ಬಲಗಡೆಗೆ ಕಾಣುತ್ತೆ.”

ಟೇಪು ಹಿಡಿದ ಕೈ ಹಾಗೇ ನಿಂತಿತು. ಅಯ್ಯೋ ನನ್ನ ಬುದ್ಧಿಗಿಷ್ಟು! ದಿನವೂ ಎದುರು ನಿಂತವರ ಎಡತೋಳನ್ನು ನನ್ನ ಬಲಗಡೆಯೇ ಅಳೆಯುವವಳು ನಾನು. ಅಂದು ಪರೀಕ್ಷೆಯ ಚಿತ್ರದಲ್ಲಿ ಮಾತ್ರ ಎಡ-ಬಲ ಅದಲುಬದಲು ಮಾಡಿ ಬರೆದಿದ್ದೆ, ಮಗಳಿಗೂ ಹಾಗೇ ಹೇಳಿಕೊಟ್ಟಿದ್ದೆ.

“ಇನ್ನೊಂದ್ಸಲ ಹಾಕೇ,” ಎಂದೆ. ಹಾಕಿದಳು. ಮತ್ತೆ ಹಾಕಿಸಿದೆ. ಮೇಷ್ಟ್ರು ಬೇಸರವಿಲ್ಲದೆ ಹೇಳಿದರು. ನಮ್ಮ ಮೇಷ್ಟ್ರನ್ನು ಎರಡನೇ ಸಲ ಕೇಳಿದರೆ ಉತ್ತರದ ಬದಲು ಬೆತ್ತ ಬರುತ್ತಿತ್ತು!

ನರ್ಸಮ್ಮ ಮಗಳತ್ತ ತಿರುಗಿದರು. “ಬರೀ ನೋಡಿದ್ರೆ ತಲೆಗೆ ಹತ್ತಲ್ಲ ಪುಟ್ಟಾ. ನಿನ್ನ ಪಠ್ಯದ್ದೇ ಪಾಠಾನಾ ಅಂತ ಮೊದಲು ನೋಡ್ಕೋ. ಆಮೇಲೆ ಫೋನ್ ಮುಚ್ಚಿಟ್ಟು ಚಿತ್ರ ಬರಿ. ಗಡಿಯಾರ ಎದುರಿಗಿಟ್ಟು ಹಳೇ ಪ್ರಶ್ನೆಪತ್ರಿಕೆ ಬಿಡಿಸು. ಯಾರಾದ್ರೂ ದುಡ್ಡು, ಓಟಿಪಿ ಕೇಳಿದ್ರೆ ತಕ್ಷಣ ಹೊರಗೆ ಬಾ. ಡೇಟಾ ಸಾಲದಿದ್ರೆ ಲೈಬ್ರರಿ ವೈಫೈನಲ್ಲಿ ಇಳಿಸ್ಕೋ.”

ಅಂದಿನಿಂದ ನನ್ನ ಕತ್ತರಿಸುವ ಮೇಜಿನ ಮೇಲೆ ಬಟ್ಟೆಯ ಗುರುತಿಗಿಂತ ಹೃದಯ, ಮೂತ್ರಪಿಂಡಗಳೇ ಹೆಚ್ಚು. ನನ್ನ ಸೀಮೆಸುಣ್ಣವೆಲ್ಲ ಅವಳೇ ಖಾಲಿ ಮಾಡಿದಳು. ನಾನು ಬೈದೆ, ಒಳಗೊಳಗೇ ಹಿಗ್ಗಿದೆ.

ಪಾಸಾದಳು! ನರ್ಸಿಂಗ್ ಶಾಲೆಗೂ ಸೇರಿದಳು. ಮೊದಲ ಸಮವಸ್ತ್ರಕ್ಕೆ ಅಳತೆ ಕೊಡಲು ನನ್ನೆದುರು ನಿಂತು, “ಎಡಗಡೆ ಜೇಬಿಡಮ್ಮಾ,” ಎಂದಳು.

“ಯಾರ ಎಡ?” ಎಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಮೆಟ್ಟಿಲ ಮೇಲಿನ ನನ್ನ ಗೆಳತಿಯೂ ಹೀಗೇ ನಗುತ್ತಿದ್ದಳು.

ಅಕ್ಕತಂಗಿಯರೇ, ನಿಮ್ಮ ಮನೆಯ ಫೋನೂ ಜೈಲಿನಲ್ಲಿದ್ದರೆ ಇವತ್ತೇ ಬಿಡಿಸಿ. ಮಕ್ಕಳಿಗೆ ಪಾಠ ಹುಡುಕಿಕೊಡಿ, ಪಕ್ಕದಲ್ಲಿ ನೀವೂ ಕೂತು ನೋಡಿ. ನಮಗೆ ಎರಡನೇ ಸಲ ಹೇಳಿಕೊಡುವವರು ಇರಲಿಲ್ಲ. ನಮ್ಮ ಮಕ್ಕಳಿಗೆ ಇದ್ದಾರೆ.